ಕಣ್ಣು ಇಡುಗಂಟಲ್ಲ

ನನ್ನ ಸೋದರತ್ತೆ ಯಾರಿಗೂ ಮುಖ ಕೊಟ್ಟು ಮಾತಾಡುತ್ತಿಲ್ಲ ಎಂಬ ದೂರು ನೆಂಟರಲ್ಲಿ ಎದ್ದಿದ್ದು ತೀರ್ಥಹಳ್ಳಿ ಕಡೆಯ ಒಂದು ಮದುವೆಮನೆಯಲ್ಲಿ. ಎದುರು ನಿಂತು ಕ್ಷೇಮ ವಿಚಾರಿಸಿದವರಿಗೆ ಅವರು ಉತ್ತರವೇನೋ ಕೊಡುತ್ತಿದ್ದರು, ನೋಟ ಮಾತ್ರ ಆ ಜನರ ಕಿವಿಯ ಪಕ್ಕಕ್ಕೆ. ಆಸ್ತಿ ಪಾಲಾದಾಗಿನ ಸಿಟ್ಟು ಇನ್ನೂ ಆರಿಲ್ಲ ಎಂದರು ಒಬ್ಬರು. ಮಗ ಅಮೆರಿಕಕ್ಕೆ ಹೋದ ಮೇಲೆ ಜಂಬ ಬಂದಿದೆ ಎಂದರು ಇನ್ನೊಬ್ಬರು. ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಬರೆದು ಹೊಟ್ಟೆ ಹೊರೆಯುವ ನಾನು ಅದೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದೆ. ನನಗೂ ಹೊಳೆಯಲಿಲ್ಲ. ಅತ್ತೆ ಆ ದಿನ ಎಲ್ಲರ ಮುಖ ಕಾಣಬೇಕೆಂದೇ ಪಕ್ಕಕ್ಕೆ ನೋಡುತ್ತಿದ್ದರು.

ಎರಡು ತಿಂಗಳ ಮೇಲೆ ಅವರೇ ನನ್ನಲ್ಲಿಗೆ ಬಂದರು. "ಸೀದಾ ನೋಡಿದ್ರೆ ಮುಖ ಇರೋ ಜಾಗದಲ್ಲಿ ಮಸಿ ಬಳಿದ ಹಾಗೆ ಕಾಣ್ತದೆ ಮಾರಾಯ. ಕಿವಿ ಕಡೆ ನೋಡಿದ್ರೆ ಮೂಗು, ಬಾಯಿ ಅಷ್ಟಿಷ್ಟು ಸಿಗ್ತದೆ" ಅಂದರು. ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟಲದ ನಡುಮಧ್ಯದಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ಒಂದು ಜಾಗವಿದೆ, ಅದರ ಹೆಸರು ಮ್ಯಾಕ್ಯುಲಾ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖದ ಗುರುತು ಹಿಡಿಯುವುದು ಎಲ್ಲವೂ ಆ ಪುಟ್ಟ ಜಾಗದ ಕೆಲಸ. ಅದರ ಸುತ್ತಲಿನ ಅಕ್ಷಿಪಟಲಕ್ಕೆ ಬೇರೆ ಕೆಲಸ: ಪಕ್ಕದಿಂದ ನುಗ್ಗುವ ಬೈಕನ್ನು ಕಾಣುವುದು, ಮಬ್ಬಿನಲ್ಲಿ ದಾರಿ ತೋರಿಸುವುದು. ವಯಸ್ಸಾದಂತೆ ಕೆಲವರಲ್ಲಿ ಮ್ಯಾಕ್ಯುಲಾ ಸೊರಗುತ್ತದೆ. ಅತ್ತೆಗೆ ಆಗಿದ್ದು ಅದು, ಅದರಲ್ಲೂ ಇಂಜೆಕ್ಷನ್ನಿನಿಂದ ಹಿಂತಿರುಗದ ಒಣ ಬಗೆಯದು. ನಡು ಮಸುಕಾದಾಗ ಅವರ ಕಣ್ಣು ಯಾರೂ ಹೇಳಿಕೊಡದೆ ಅಂಚಿನ ಮೊರೆ ಹೋಗಿತ್ತು. ನೆಂಟರು ಅದನ್ನು ಜಂಬ ಅಂದರು.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅಮ್ಮನಿಗೋ ಅಪ್ಪನಿಗೋ ಪೊರೆ ಆಪರೇಷನ್ ಆಗಿದೆ, ಇಂಜೆಕ್ಷನ್ ಆಗಿದೆ, ಕನ್ನಡಕವನ್ನು ಮೂರು ಸಲ ಬದಲಾಯಿಸಿ ಆಗಿದೆ, ಇನ್ನು ಇಷ್ಟೇ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ, ಮುಂದೇನು? ಚಿಕಿತ್ಸೆಯ ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ಬಾಗಿಲಿದೆ. ಉಳಿದಿರುವ ನೋಟವನ್ನು ಹೇಗೆ ದುಡಿಸಿಕೊಳ್ಳುವುದು ಎಂದು ಕಲಿಸುವ ಶಾಖೆ ಅದು. ಇಂಗ್ಲಿಷಿನಲ್ಲಿ ಲೋ ವಿಷನ್ ಎನ್ನುತ್ತಾರೆ, ಕನ್ನಡದಲ್ಲಿ ಮಂದದೃಷ್ಟಿ. ಇವತ್ತಿನ ಬರಹ ಅದರ ಬಗ್ಗೆ, ಜೊತೆಗೆ ಆ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ.

ನಮ್ಮ ಆಡುಮಾತಿನಲ್ಲಿ ಕಣ್ಣಿಗೆ ಎರಡೇ ಸ್ಥಿತಿ. ಕಾಣುತ್ತದೆ, ಇಲ್ಲವೇ ಕಾಣುವುದಿಲ್ಲ. ಪೂರ್ತಿ ಕಾಣದವರಿಗೆ ನಮ್ಮಲ್ಲಿ ಗೌರವದ ಜಾಗಗಳೂ ಉಂಟು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಂದರೆ ಕೈ ತಾನಾಗಿ ಜೋಡುತ್ತದೆ. ನಡುವೆ ಸಿಕ್ಕಿಕೊಂಡವರಿಗೆ ಮಾತ್ರ ಹೆಸರೂ ಇಲ್ಲ, ಜಾಗವೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವರನ್ನು ಗುರುತಿಸುತ್ತದೆ: ಒಳ್ಳೆಯ ಕಣ್ಣಿಗೆ ಸರಿಯಾದ ಕನ್ನಡಕ ಹಾಕಿದ ಮೇಲೂ ನೋಟ 6/18ಕ್ಕಿಂತ ಮೇಲೇರದೆ 3/60ರವರೆಗೆ ಇರುವವರು, ಅಥವಾ ನೋಟದ ಹರವು 40 ಡಿಗ್ರಿಗಿಂತ ಕಿರಿದಾಗಿ 10 ಡಿಗ್ರಿಯವರೆಗೆ ಇಳಿದವರು. 6/60 ಎಂದರೆ, ಸರಿಗಣ್ಣಿನವರು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ಇವರು 6 ಮೀಟರಿಗೆ ಬಂದು ಓದುತ್ತಾರೆ. ಇಂಥವರು ಮನೆಯಲ್ಲಿ ಅನುಮಾನಕ್ಕೆ ಗುರಿಯಾಗುವುದೇ ಹೆಚ್ಚು. ನೆಲದ ಮೇಲೆ ಬಿದ್ದ ಪಿನ್ನು ಕಾಣುತ್ತದಂತೆ, ಎದುರು ಬಂದ ಸೊಸೆ ಕಾಣುವುದಿಲ್ಲವಂತೆ, ನಾಟಕ! ಅದು ನಾಟಕವಲ್ಲ. ಅಂಚು ಚೆನ್ನಾಗಿದ್ದು ನಡು ಹೋದವರಿಗೆ ಹಾಗೆಯೇ ಆಗುತ್ತದೆ. ಗ್ಲಾಕೋಮಾ ಮುಂದುವರಿದವರಿಗೆ, ಇರುಳುಗುರುಡಿನಿಂದ ಶುರುವಾಗುವ ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರಿಗೆ ಇದರ ತಿರುವುಮುರುವು. ಅವರು ಪಂಚಾಂಗದ ಸಣ್ಣಕ್ಷರ ಓದುತ್ತಾರೆ, ಕಾಲಡಿಯ ಬಕೆಟ್ಟು ಎಡವುತ್ತಾರೆ.

ಈಗ ನನ್ನ ತಪ್ಪು. ಅತ್ತೆಯ ಕಣ್ಣು ನೋಡಿದ ದಿನ, ಇನ್ನೂ ಹೊಸ ಉತ್ಸಾಹದಲ್ಲಿದ್ದ ನಾನು ಬಹಳ ಕಾಳಜಿಯಿಂದ ಒಂದು ಸಲಹೆ ಕೊಟ್ಟೆ: "ಅತ್ತೆ, ಇನ್ನು ಓದಿ ಕಣ್ಣಿಗೆ ಶ್ರಮ ಕೊಡಬೇಡಿ. ಇರೋದನ್ನ ಉಳಿಸಿಕೊಳ್ಳೋಣ." ಬ್ಯಾಂಕಿನ ಇಡುಗಂಟಿನ ಬಗ್ಗೆ ಮಾತಾಡುವಂತೆ ಮಾತಾಡಿದ್ದೆ. ತೆಗೆದು ಖರ್ಚು ಮಾಡಿದಷ್ಟೂ ಕರಗುತ್ತದೆ, ಮುಟ್ಟದಿದ್ದರೆ ಹಾಗೇ ಇರುತ್ತದೆ ಎಂಬ ಲೆಕ್ಕ. ಬೆಳಿಗ್ಗೆ ಪತ್ರಿಕೆ ಬರುವ ಮುಂಚೆಯೇ ಜಗಲಿಯಲ್ಲಿ ಕಾಯುತ್ತಿದ್ದ ಹೆಂಗಸು ಆ ದಿನದಿಂದ ಓದು ಬಿಟ್ಟರು. ಆಮೇಲೆ ರಂಗೋಲಿ ಬಿಟ್ಟರು, ಚೌಕಾಬಾರ ಬಿಟ್ಟರು. ಓದದೆ ಕಳೆದ ಆ ಒಂದೂವರೆ ವರ್ಷದಲ್ಲಿ ಅವರ ಕಣ್ಣು ಒಂದು ಗೆರೆಯಷ್ಟೂ ಉಳಿತಾಯವಾಗಲಿಲ್ಲ. ಕಾಯಿಲೆ ತನ್ನ ಪಾಡಿಗೆ ತಾನು ನಡೆಯಿತು, ಅದಕ್ಕೂ ಓದಿಗೂ ಸಂಬಂಧವಿರಲಿಲ್ಲ.

ಈ ತಪ್ಪಿನಲ್ಲಿ ನಾನೊಬ್ಬನೇ ಅಲ್ಲ ಎಂಬುದು ಸಮಾಧಾನವೋ ನಾಚಿಕೆಯೋ ತಿಳಿಯದು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಇಡೀ ವೈದ್ಯಲೋಕವೇ ಹಾಗೆ ನಂಬಿತ್ತು. 1908ರಲ್ಲಿ ಲಂಡನ್ನಿನಲ್ಲಿ, 1913ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಕಣ್ಣು ದುರ್ಬಲವಾದ ಮಕ್ಕಳಿಗೆಂದು ಶಾಲೆ, ತರಗತಿಗಳು ಶುರುವಾದವು. ಓದು ಬರಹ ಆದಷ್ಟು ಕಡಿಮೆ ಮಾಡಿಸಿ ನೋಟ ಕಾಪಾಡುವುದು ಅವುಗಳ ಗುರಿ. ಅಂಧರ ಶಾಲೆಗಳಲ್ಲಿ ಸ್ವಲ್ಪ ಕಾಣುವ ಮಕ್ಕಳು ಬ್ರೈಲ್ ಚುಕ್ಕಿಗಳನ್ನು ಕದ್ದು ನೋಡಿಬಿಡುತ್ತಾರೆಂದು ಕಣ್ಣಿಗೆ ಬಟ್ಟೆ ಕಟ್ಟಿದ್ದೂ ಉಂಟು. ಈ ನಂಬಿಕೆಗೆ ದೊಡ್ಡ ಪೆಟ್ಟು ಕೊಟ್ಟವರು ಟೆಕ್ಸಾಸಿನ ಶಿಕ್ಷಕಿ ನಟಾಲಿ ಬರಾಗಾ. ಮಂದದೃಷ್ಟಿಯ ಮಕ್ಕಳಿಗೆ ನೋಡುವುದನ್ನೇ ಪಾಠವಾಗಿ ಕಲಿಸಿ, ಫಲಿತಾಂಶವನ್ನು 1964ರಲ್ಲಿ ಪ್ರಕಟಿಸಿದರು. ಆ ಮಕ್ಕಳ ಕಣ್ಣಿನ ಅಳತೆ ಬದಲಾಗಿರಲಿಲ್ಲ. ಅದೇ ಕಣ್ಣಿನಿಂದ ಅವರು ಮಾಡಬಲ್ಲ ಕೆಲಸ ಮಾತ್ರ ಹೆಚ್ಚಿತ್ತು. ಅಂದಮೇಲೆ ನೋಟ ಗಂಟಿಗಿಂತ ಈಜಿಗೆ ಹತ್ತಿರ. ನೀರಿಗಿಳಿದವರಿಗಷ್ಟೇ ಒಲಿಯುತ್ತದೆ.

ಇದನ್ನು ತಡವಾಗಿ ಓದಿ ತಿಳಿದ ನಾನು ಅತ್ತೆಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಮೇಲೆ ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ: "ಕಣ್ಣಿಂದ ನಿಮಗೆ ಏನು ಕೆಲಸ ಆಗಬೇಕು ಅತ್ತೆ?" ಎಷ್ಟು ಕಾಣುತ್ತದೆ ಎಂದು ಅಳೆಯುವುದು ನಮ್ಮ ವೃತ್ತಿಯ ಚಾಳಿ. ಮಂದದೃಷ್ಟಿಯ ವಿಷಯದಲ್ಲಿ ಕೆಲಸ ಶುರುವಾಗುವುದು ಈ ಇನ್ನೊಂದು ಪ್ರಶ್ನೆಯಿಂದ. ಒಬ್ಬರಿಗೆ ಅಕ್ಕಿ ಆರಿಸಬೇಕು, ಇನ್ನೊಬ್ಬರಿಗೆ ಬಸ್ಸಿನ ಬೋರ್ಡು ಓದಬೇಕು, ಮತ್ತೊಬ್ಬರಿಗೆ ಇನ್ಸುಲಿನ್ ಸಿರಿಂಜಿನ ಗೆರೆ ಕಾಣಬೇಕು. ಮೂವರಿಗೂ ಒಂದೇ ಮಸೂರ ಕೊಟ್ಟರೆ ಮೂವರೂ ಅದನ್ನು ಬೀರುವಿನಲ್ಲಿ ಇಡುತ್ತಾರೆ. ಅತ್ತೆ ತಡಮಾಡದೆ ಮೂರು ಹೇಳಿದರು. ಪತ್ರಿಕೆಯ ನಿಧನ ವಾರ್ತೆ ಓದಬೇಕು, ಯಾರು ಹೋದರು ಎಂದು ಬೇರೆಯವರ ಬಾಯಿಂದ ಕೇಳುವುದು ಬೇಡ. ಬಿಪಿ ಮಾತ್ರೆ ಯಾವುದು, ಸಕ್ಕರೆಯದು ಯಾವುದು ಎಂದು ತಾನೇ ನೋಡಿಕೊಳ್ಳಬೇಕು. ಕಾಫಿ ಬಗ್ಗಿಸುವಾಗ ಲೋಟ ತುಂಬಿ ಚೆಲ್ಲಬಾರದು.

ಮೊದಲು ಕಾಫಿ, ಅದು ಸುಲಭ. ಸ್ಟೀಲ್ ಲೋಟದೊಳಗೆ ಹಾಲು ಕಾಫಿ, ಮೇಲಿಂದ ಟ್ಯೂಬ್‌ಲೈಟಿನ ಝಗಝಗ. ಎಲ್ಲಿ ಕಾಫಿ ಮುಗಿಯಿತು, ಎಲ್ಲಿ ಲೋಟ ಶುರುವಾಯಿತು ಎಂದು ತಿಳಿಯುವಂತಿಲ್ಲ. ಒಳಗೆ ಬೆಳ್ಳಗಿರುವ ಪಿಂಗಾಣಿ ಕಪ್ಪು ತಂದುಕೊಟ್ಟೆ, ಚೆಲ್ಲುವುದು ನಿಂತಿತು. ಬರಿ ಹಾಲಿಗಾದರೆ ಕಡುಬಣ್ಣದ ಕಪ್ಪು. ಮಂದದೃಷ್ಟಿಯವರಿಗೆ ಬಣ್ಣಗಳ ನಡುವಿನ ಈ ಎದ್ದುಕಾಣುವಿಕೆಯೇ ಅರ್ಧ ಕಣ್ಣು. ಬಿಳಿ ತಟ್ಟೆಯ ಮೇಲಿನ ಬಿಳಿ ಅನ್ನ ಮಾಯವಾಗುತ್ತದೆ, ಬಾಳೆಎಲೆಯ ಮೇಲೆ ಅಗುಳು ಅಗುಳೂ ಕಾಣುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಕೆಂಪು ಗಾರೆ ನೆಲದ ಮೇಲೆ ಬಿಳಿ ರಂಗೋಲಿ ಇರುತ್ತಿತ್ತು, ಹೊಸ್ತಿಲಿಗೆ ಅರಿಸಿನದ ಗೆರೆ ಇರುತ್ತಿತ್ತು. ಶಾಸ್ತ್ರಕ್ಕೋ ಚಂದಕ್ಕೋ ಮಾಡಿದ್ದಿರಬಹುದು, ಕಣ್ಣು ಮಂದವಾದ ಅಜ್ಜಿಗೆ ಅದು ಎಡವದ ಹಾಗೆ ಹಾಕಿದ ಗುರುತೂ ಆಗಿತ್ತು. ಈಗಿನ ಮನೆಗಳಲ್ಲಿ ನೆಲ, ಮೆಟ್ಟಿಲು, ಗೋಡೆ ಎಲ್ಲ ಒಂದೇ ಕೆನೆಬಣ್ಣದ ಹೊಳೆಯುವ ಟೈಲ್ಸು. ಮೆಟ್ಟಿಲಿನ ಅಂಚಿಗೆ ಎರಡು ಬೆರಳು ಅಗಲದ ಹಳದಿ ಪಟ್ಟಿ ಅಂಟಿಸಿ. ಮನೆ ಸ್ವಲ್ಪ ಬಸ್ ನಿಲ್ದಾಣದಂತೆ ಕಾಣುತ್ತದೆ, ಸೊಂಟದ ಮೂಳೆ ಉಳಿಯುತ್ತದೆ.

ಮಾತ್ರೆಗೆ ಬೇಕಾಗಿದ್ದು ಬೆಳಕು. ಅರವತ್ತು ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಹರೆಯದವರ ಮೂರನೇ ಒಂದು ಭಾಗದಷ್ಟು ಎಂಬುದು ದೃಷ್ಟಿವಿಜ್ಞಾನದ ಹಳೆಯ ಲೆಕ್ಕ. ಹಾಗೆಂದು ಹಾಲ್‌ನಲ್ಲಿ ಇನ್ನೊಂದು ದೊಡ್ಡ ದೀಪ ಹಾಕಿಸಿದರೆ ಕಣ್ಣು ಕುಕ್ಕುತ್ತದೆಯೇ ಹೊರತು ಅಕ್ಷರ ಕಾಣುವುದಿಲ್ಲ. ದೀಪ ದೊಡ್ಡದಿರುವುದಕ್ಕಿಂತ ಹತ್ತಿರವಿರುವುದು ಮುಖ್ಯ. ದೂರ ಅರ್ಧವಾದರೆ ಕಾಗದದ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ. ಕುತ್ತಿಗೆ ಬಗ್ಗುವ ಟೇಬಲ್ ಲ್ಯಾಂಪನ್ನು ಚೆನ್ನಾಗಿ ಕಾಣುವ ಕಣ್ಣಿನ ಪಕ್ಕದಿಂದ, ಬಲ್ಬು ಕಣ್ಣಿಗೆ ಹೊಡೆಯದಂತೆ, ಓದುವ ಜಾಗಕ್ಕೆ ಬಗ್ಗಿಸಿಡಬೇಕು. ಮಾತ್ರೆಯ ಹಾಳೆಯದು ಇನ್ನೊಂದು ಕಥೆ. ಹೊಳೆಯುವ ಬೆಳ್ಳಿ ಬಣ್ಣದ ಮೇಲೆ ಇರುವೆ ಹರಿದಂಥ ಅಕ್ಷರ, ಆರೋಗ್ಯವಂತ ಕಣ್ಣಿಗೂ ಅದು ಕಷ್ಟ. ಅತ್ತೆಯ ಬಿಪಿ ಮಾತ್ರೆ ಡಬ್ಬಿಗೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಅಂಗೈಯಗಲ "ಬಿ" ಬರೆದೆವು, ಸಕ್ಕರೆಯದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದೆವು. ಕಣ್ಣು ಕೈಕೊಟ್ಟ ದಿನ ಬೆರಳು ಓದುತ್ತದೆ.

ಉಳಿದಿದ್ದು ನಿಧನ ವಾರ್ತೆ. ಅಕ್ಷರ ದೊಡ್ಡದಾಗಿ ಕಾಣಲು ಎಲ್ಲಕ್ಕಿಂತ ಅಗ್ಗದ ಉಪಾಯ ಹತ್ತಿರ ಹಿಡಿಯುವುದು. 40 ಸೆಂಟಿಮೀಟರಿನಲ್ಲಿ ಹಿಡಿಯುವ ಪುಸ್ತಕವನ್ನು 20ಕ್ಕೆ ತಂದರೆ ಅಕ್ಷರ ಎರಡು ಪಟ್ಟು, 10ಕ್ಕೆ ತಂದರೆ ನಾಲ್ಕು ಪಟ್ಟು. ಮಕ್ಕಳ ಕಣ್ಣು ಅಷ್ಟು ಹತ್ತಿರಕ್ಕೂ ಹೊಂದಿಕೊಳ್ಳುತ್ತದೆ. ಆದ್ದರಿಂದ ಮಂದದೃಷ್ಟಿಯ ಮಗು ಮೂಗಿಗೆ ಪುಸ್ತಕ ಹಚ್ಚಿ ಓದಿದರೆ ದಯವಿಟ್ಟು ಬೈಯಬೇಡಿ, ಅದು ತನಗೆ ಬೇಕಾದ ಮಸೂರವನ್ನು ತಾನೇ ಮಾಡಿಕೊಂಡಿದೆ. ದೊಡ್ಡವರಿಗೆ ಆ ಶಕ್ತಿ ಕುಂದಿರುತ್ತದೆ, ಅವರಿಗೆ ಹೆಚ್ಚು ಪವರಿನ ಓದುಗನ್ನಡಕವೋ ಭೂತಗನ್ನಡಿಯೋ ಬೇಕು. ಭೂತಗನ್ನಡಿ ಕೊಳ್ಳುವಾಗ ಎಲ್ಲರೂ ಮಾಡುವ ತಪ್ಪು ತಟ್ಟೆಯಷ್ಟು ದೊಡ್ಡದನ್ನು ಆರಿಸುವುದು. ಗಾಜು ದೊಡ್ಡದಾದಷ್ಟೂ ಅದರ ಪವರ್ ಸಾಮಾನ್ಯವಾಗಿ ಕಡಿಮೆ. ಪವರ್ ಹೆಚ್ಚಿರುವ ಗಾಜು ಚಿಕ್ಕದಾಗಿರುತ್ತದೆ, ಕಾಗದಕ್ಕೆ ಹತ್ತಿರ ಹಿಡಿಯಬೇಕಾಗುತ್ತದೆ. 20 ಡಯಾಪ್ಟರ್ ಪವರಿನ ಮಸೂರಕ್ಕೂ ಕಾಗದಕ್ಕೂ ನಡುವೆ 5 ಸೆಂಟಿಮೀಟರ್ ಅಂತರವಷ್ಟೇ. ಕಣ್ಣನ್ನೂ ಗಾಜಿನ ಹತ್ತಿರಕ್ಕೆ ತಂದರೆ ಒಂದರ ಬದಲು ಮೂರು ನಾಲ್ಕು ಪದ ಒಟ್ಟಿಗೆ ಕಾಣುತ್ತವೆ. ಇದನ್ನು ಹೇಳಿಕೊಡದೆ ಗಾಜು ಮಾರಿದರೆ, ಅದು ಒಂದು ವಾರದಲ್ಲಿ ಮೊಮ್ಮಕ್ಕಳ ಆಟಿಕೆ. ಅತ್ತೆಗೆ ಕೈ ನಡುಗುತ್ತಿತ್ತು, ಹಾಗಾಗಿ ಕಾಗದದ ಮೇಲೆ ತಾನೇ ಕೂರುವ, ಒಳಗೆ ಎಲ್‌ಇಡಿ ಇರುವ ಕಾಲಿನ ಮಸೂರ ಆರಿಸಿದೆವು.

ಇಂಗ್ಲಿಷ್ ಪುಸ್ತಕಗಳು ಹೇಳದ ಒಂದು ತೊಡಕು ಇಲ್ಲಿ ಎದುರಾಯಿತು. ಕನ್ನಡದ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು, ಅದು ಮೈ ಅಕ್ಷರಕ್ಕಿಂತ ಎಷ್ಟೋ ಚಿಕ್ಕದು. ದ ಮತ್ತು ಧ, ಬ ಮತ್ತು ಭ ಬೇರಾಗುವುದು ಒಂದು ಸಣ್ಣ ಸೀಳಿನಿಂದ. ಪ ಮತ್ತು ಷ ಬೇರಾಗುವುದು ಹೊಟ್ಟೆಯೊಳಗಿನ ಒಂದು ಗೆರೆಯಿಂದ. ಅಕ್ಷಿಪಟಲದ ಅಂಚು ಒತ್ತೊತ್ತಾಗಿ ನಿಂತ ಆಕಾರಗಳನ್ನು ಬಿಡಿಸಿ ನೋಡುವುದರಲ್ಲಿ ಹಿಂದು. ಸಾಲುಗಳು ಇಕ್ಕಟ್ಟಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಅಂಟಿಕೊಂಡು ಎಲ್ಲವೂ ಕಲಸಿದ ಅವಲಕ್ಕಿಯಾಗುತ್ತದೆ. ನನ್ನ ಅನುಭವದಲ್ಲಿ ಕನ್ನಡ ಓದುಗರಿಗೆ ಅಕ್ಷರ ದೊಡ್ಡದು ಮಾಡುವಷ್ಟೇ ಫಲ ಸಾಲಿನ ನಡುವೆ ಜಾಗ ಬಿಡುವುದರಿಂದಲೂ ಸಿಗುತ್ತದೆ. ಅಚ್ಚಾದ ಪುಟದಲ್ಲಿ ಜಾಗ ಬಿಡಿಸಲಾಗದು. ಅದಕ್ಕೊಂದು ಉಪಾಯವಿದೆ: ಸ್ಟೇಷನರಿ ಅಂಗಡಿಯ ಕಪ್ಪು ಚಾರ್ಟಿನಲ್ಲಿ ಒಂದೆರಡು ಸಾಲು ಕಾಣುವಷ್ಟು ಉದ್ದನೆ ಕಿಂಡಿ ಕತ್ತರಿಸಿ ಪುಟದ ಮೇಲಿಡುವುದು. ಬಿಳಿ ಕಾಗದದ ಹೊಳಪೂ ತಗ್ಗುತ್ತದೆ, ಸಾಲೂ ತಪ್ಪುವುದಿಲ್ಲ. ಇಷ್ಟರಿಂದ ಅತ್ತೆ ದಿನಕ್ಕೆ ಮೂರು ನಿಧನ ವಾರ್ತೆ ಓದಿದರು, ನಾಲ್ಕನೆಯದಕ್ಕೆ ಸುಸ್ತಾದರು. ಅದು ಗೆಲುವೇ.

ಜೊತೆಗೆ ಅವರ ಓರೆನೋಟಕ್ಕೂ ತಾಲೀಮು ಬೇಕಿತ್ತು. ಗೋಡೆ ಗಡಿಯಾರದ ನಡುವನ್ನು ಗಮನದಲ್ಲಿಟ್ಟುಕೊಂಡು ನೋಟವನ್ನು 12ರ ಕಡೆಗೆ, 1ರ ಕಡೆಗೆ, 2ರ ಕಡೆಗೆ ಹೀಗೆ ಸುತ್ತ ತಿರುಗಿಸುತ್ತಾ ಹೋಗುವುದು. ಯಾವ ಅಂಕಿಯ ಕಡೆ ನೋಡಿದಾಗ ನಡು ಎಲ್ಲಕ್ಕಿಂತ ತಿಳಿಯಾಗುತ್ತದೋ ಅದೇ ಆ ಕಣ್ಣಿನ ಹೊಸ ನಡು. ಅತ್ತೆಯದು 2ರ ಕಡೆ ಸಿಕ್ಕಿತು. ಇದಾದ ಮೇಲೆ ಓದುವಾಗ ಕಣ್ಣನ್ನು ಆ ಕೋನದಲ್ಲಿ ಕದಲದಂತೆ ನಿಲ್ಲಿಸಿ ಕಾಗದವನ್ನೇ ಎಡಕ್ಕೆ ಜರುಗಿಸುವುದು. ಎಪ್ಪತ್ತು ವರ್ಷದ ಅಭ್ಯಾಸ ಬಿಟ್ಟು ಹೀಗೆ ಓದಲು ಕಲಿಯುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಮೊದಲ ಹತ್ತು ದಿನ ಅತ್ತೆ ನನಗೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಅತ್ತೆಯ ಮದ್ದು ಎಲ್ಲರಿಗೂ ಮದ್ದಲ್ಲ. ನೋಟ ಸುರಂಗದಂತೆ ಕಿರಿದಾದವರಿಗೆ ಅಕ್ಷರ ದೊಡ್ಡದು ಮಾಡಿಕೊಟ್ಟರೆ ಇಡೀ ಸುರಂಗವನ್ನು ಒಂದೇ ಅಕ್ಷರ ತುಂಬಿಬಿಡುತ್ತದೆ. ಅವರಿಗೆ ಬೇಕಾಗಿರುವುದು ತಲೆ, ಕಣ್ಣುಗಳನ್ನು ಕ್ರಮವಾಗಿ ಆಡಿಸಿ ಸುತ್ತಲನ್ನು ಗುಡಿಸುವಂತೆ ನೋಡುವ ಅಭ್ಯಾಸ, ಜೊತೆಗೊಂದು ಬಿಳಿ ಕೋಲು. ಆಲ್ಬಿನಿಸಂ ಇರುವ, ಕೂದಲು ಚರ್ಮ ಬೆಳ್ಳಗಿರುವ ಮಕ್ಕಳಿಗೆ ದೊಡ್ಡ ಶತ್ರು ಬಿಸಿಲಿನ ಝಳ. ಅವರಿಗೆ ಕ್ಯಾಪು ಬೇಕು, ಬಣ್ಣದ ಗಾಜು ಬೇಕು, ಕಿಟಕಿಗೆ ಬೆನ್ನು ಕೊಟ್ಟ ಮುಂದಿನ ಬೆಂಚು ಬೇಕು. ಕರಿಹಲಗೆ ಓದಲು ಬೆರಳುದ್ದದ ಪುಟ್ಟ ದುರ್ಬೀನು ಸಿಗುತ್ತದೆ. ನನ್ನಲ್ಲಿಗೆ ಬಂದಿದ್ದ ಹೈಸ್ಕೂಲು ಹುಡುಗನೊಬ್ಬ ಅದನ್ನು ತರಗತಿಯಲ್ಲಿ ತೆಗೆಯಲು ನಾಚಿಕೊಂಡು ಆರು ತಿಂಗಳು ಚೀಲದಲ್ಲೇ ಇಟ್ಟಿದ್ದ. ಕ್ರಿಕೆಟ್ ಮ್ಯಾಚಿನ ಸ್ಕೋರ್‌ಬೋರ್ಡ್ ಮೈದಾನದ ಆಚೆಯಿಂದ ಓದಿ ಹೇಳಿದ ದಿನ ಅವನ ನಾಚಿಕೆ ಹೋಯಿತು, ಗೆಳೆಯರು ಅದಕ್ಕಾಗಿ ಸರದಿ ನಿಂತರು. ಪರೀಕ್ಷೆಯ ವಿಷಯವೂ ತಂದೆತಾಯಿಗೆ ತಿಳಿದಿರಲಿ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಅರ್ಹ ವಿದ್ಯಾರ್ಥಿಗೆ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ 3 ಗಂಟೆಯ ಪರೀಕ್ಷೆಗೆ 1 ಗಂಟೆ ಹೆಚ್ಚಿನ ಸಮಯ ಸಿಗಬೇಕು. ಅದು ದಯೆಯಲ್ಲ, ಹಕ್ಕು.

ಅತ್ತೆ ಎಲ್ಲವನ್ನೂ ಹೇಳಿಕೊಂಡಿದ್ದರು, ಒಂದನ್ನು ಬಿಟ್ಟು. ಮಸೂರಕ್ಕೆ ಒಗ್ಗಿಕೊಂಡ ಮೇಲೆ ಒಂದು ಸಂಜೆ ಸೊಸೆ ಒಳಗೆ ಹೋದದ್ದನ್ನು ಖಚಿತ ಮಾಡಿಕೊಂಡು ದನಿ ತಗ್ಗಿಸಿ ಕೇಳಿದರು: "ಜಗಲಿ ಮೇಲೆ ಸಣ್ಣ ಸಣ್ಣ ಮಕ್ಕಳು ಬಣ್ಣದ ಅಂಗಿ ಹಾಕ್ಕೊಂಡು ಕೂತಿರ್ತಾವೆ. ಮಾತಾಡೋದಿಲ್ಲ. ನಂಗೆ ತಲೆ ಕೆಟ್ಟಿದೆಯೇನೋ?" ಎರಡು ವರ್ಷದಿಂದ ಈ ಮಕ್ಕಳನ್ನು ನೋಡುತ್ತಿದ್ದರಂತೆ. ಭೂತಬಾಧೆ ಎಂದಾರು, ಇಲ್ಲವೇ ಹುಚ್ಚಾಸ್ಪತ್ರೆಗೆ ಕರೆದೊಯ್ದಾರು ಎಂದು ಬಾಯಿ ಬಿಟ್ಟಿರಲಿಲ್ಲ. ಅವರ ತಲೆ ಸರಿಯಾಗಿಯೇ ಇತ್ತು. ಜಿನೀವಾದ ಪ್ರಕೃತಿ ವಿಜ್ಞಾನಿ ಶಾರ್ಲ್ ಬೊನೆ 1760ರಲ್ಲಿ ತನ್ನ ಅಜ್ಜನ ಬಗ್ಗೆ ಇದನ್ನೇ ಬರೆದ. ಕಣ್ಣು ಮಂದವಾಗಿದ್ದ, ಬುದ್ಧಿ ಚುರುಕಾಗಿದ್ದ ಆ ಮುದುಕನಿಗೆ ಇಲ್ಲದ ಮನುಷ್ಯರು, ಹಕ್ಕಿಗಳು, ಗಾಡಿಗಳು, ಕಟ್ಟಡಗಳು ಕಾಣುತ್ತಿದ್ದವು. ಈ ಸ್ಥಿತಿಗೆ ಈಗ ಬೊನೆಯದೇ ಹೆಸರು. ಕಣ್ಣಿನಿಂದ ಬರಬೇಕಾದ ಸುದ್ದಿ ಕಡಿಮೆಯಾದಾಗ ಮಿದುಳಿನ ನೋಡುವ ಭಾಗ ಸುಮ್ಮನೆ ಕೂರಲಾರದೆ ತಾನೇ ಚಿತ್ರ ಬರೆಯುತ್ತದೆ. ಅದು ನಿಜವಲ್ಲ ಎಂದು ನೋಡುವವರಿಗೇ ತಿಳಿದಿರುತ್ತದೆ. ದೀಪ ಹಾಕಿದರೆ, ಕಣ್ಣು ಮಿಟುಕಿಸಿ ನೋಟವನ್ನು ಅತ್ತಿತ್ತ ಆಡಿಸಿದರೆ ಎಷ್ಟೋ ಸಲ ಮಾಯವಾಗುತ್ತದೆ. ದನಿಯೂ ಕೇಳಿಸತೊಡಗಿದರೆ, ಕಂಡದ್ದು ನಿಜವೆಂದು ನಂಬತೊಡಗಿದರೆ ಮಾತ್ರ ಬೇರೆ ಕಾರಣ ಹುಡುಕಬೇಕು, ಡಾಕ್ಟರಿಗೆ ತೋರಿಸಬೇಕು. ನಿಮ್ಮ ಮನೆಯಲ್ಲಿ ಕಣ್ಣು ಮಂದವಾದ ಹಿರಿಯರಿದ್ದರೆ ನೀವಾಗಿಯೇ ಒಮ್ಮೆ ಮೆಲ್ಲಗೆ ಕೇಳಿ. ಕೇಳದಿದ್ದರೆ ಹೇಳುವವರು ಕಡಿಮೆ. ಕಾರಣ ತಿಳಿಸಿದಾಗ ಅತ್ತೆ ನಕ್ಕುಬಿಟ್ಟರು. "ಹಾಗಾದ್ರೆ ಇರ್ಲಿ ಬಿಡು, ಪಾಪ. ಗಲಾಟೆ ಏನೂ ಮಾಡೋದಿಲ್ಲ."

ಮಸೂರ ಬಂದಿದೆ ಎಂದು ಎಲ್ಲವನ್ನೂ ಕಣ್ಣಿನಿಂದಲೇ ಮಾಡುತ್ತೇನೆ ಎಂಬ ಹಟವೂ ಬೇಡ. ಕೈಯಲ್ಲಿರುವ ಫೋನಿನ ಕ್ಯಾಮರಾವನ್ನೇ ಭೂತಗನ್ನಡಿ ಮಾಡಿಕೊಳ್ಳಬಹುದು, ಪರದೆಯನ್ನು ಕಪ್ಪು ಮಾಡಿ ಅಕ್ಷರವನ್ನು ಬಿಳಿ ಮಾಡಬಹುದು, ಕನ್ನಡ ಬರಹವನ್ನು ಅದರಿಂದಲೇ ಓದಿಸಿ ಕೇಳಬಹುದು. ನಿಧನ ವಾರ್ತೆ ಕಣ್ಣಿನಿಂದ, ಸಂಪಾದಕೀಯ ಕಿವಿಯಿಂದ ಎಂದು ಅತ್ತೆ ಹಂಚಿಕೊಂಡಿದ್ದಾರೆ. ನೋಟುಗಳ ಗುರುತಿಗೆ ರಿಸರ್ವ್ ಬ್ಯಾಂಕು 2020ರಲ್ಲಿ ಮಣಿ ಎಂಬ ಆ್ಯಪ್ ತಂದಿದೆ, ಕ್ಯಾಮರಾ ಹಿಡಿದರೆ ನೋಟಿನ ಬೆಲೆ ಹೇಳುತ್ತದೆ. ಆ್ಯಪ್ ಬೇಡವೆಂದರೆ ಬೆರಳು ಸಾಕು. ಹೊಸ 100, 200, 500ರ ನೋಟುಗಳ ಅಗಲ ಒಂದೇ, ಉದ್ದ ಮಾತ್ರ 142, 146, 150 ಮಿಲಿಮೀಟರ್. ಅಂಚಿನಲ್ಲಿ ಉಬ್ಬುಗೆರೆಗಳೂ ಇವೆ: 100ಕ್ಕೆ ನಾಲ್ಕು, 500ಕ್ಕೆ ಐದು, 200ಕ್ಕೆ ನಾಲ್ಕು ಗೆರೆಯ ನಡುವೆ ಎರಡು ಬೊಟ್ಟು. ಬಳಸಿ ಬಳಸಿ ಮೆತ್ತಗಾದ ನೋಟಿನಲ್ಲಿ ಗೆರೆ ಸಿಗದು, ಉದ್ದ ಸಿಗುತ್ತದೆ.

ಕೊನೆಗೆ ನನ್ನ ವೃತ್ತಿಬಾಂಧವರ ಬಗ್ಗೆ ಒಂದು ಮಾತು. "ಇನ್ನೇನೂ ಮಾಡಲಾಗದು" ಎಂಬ ವಾಕ್ಯಕ್ಕೆ "ಚಿಕಿತ್ಸೆಯಿಂದ" ಎಂಬ ಒಂದು ಪದ ಸೇರಿಸಿ ಹೇಳಿದರೆ ಎಷ್ಟೋ ಮನೆಗಳ ಬದುಕು ಬದಲಾದೀತು. ಹೈದರಾಬಾದಿನ ಎಲ್. ವಿ. ಪ್ರಸಾದ್ ಸಂಸ್ಥೆಯಂಥ ಕಡೆ ಮಂದದೃಷ್ಟಿಗೆಂದೇ ವಿಭಾಗವಿದೆ, ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲೂ ಇದೆ. ಜಿಲ್ಲಾ ಕೇಂದ್ರ ದಾಟಿದ ಮೇಲೆ ಅದರ ಹೆಸರು ಹೇಳುವವರೇ ವಿರಳ. ಹಾಗಾಗಿ ಹೆಸರನ್ನು ನೀವೇ ಹೇಳಿ: ಲೋ ವಿಷನ್ ಕ್ಲಿನಿಕ್ಕಿಗೆ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ. ನೋಟದ ನಷ್ಟ ಶೇ. 40ರಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಸಾಧನಗಳಿಗೆ ಕೇಂದ್ರದ ಎಡಿಐಪಿ ಯೋಜನೆಯಿದೆ. ಇದರ ನಡುವೆ ಕಣ್ಣಿನ ಡಾಕ್ಟರ ಭೇಟಿ ತಪ್ಪಿಸಬೇಡಿ. ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿ. ನಿನ್ನೆ ನೆಟ್ಟಗಿದ್ದ ಸರಳು ಇವತ್ತು ಸೊಟ್ಟ ಕಂಡರೆ ಅದೇ ದಿನ ಆಸ್ಪತ್ರೆಗೆ ಹೊರಡಿ, ಆ ಹಂತದಲ್ಲಿ ಚಿಕಿತ್ಸೆ ಇರಬಹುದು.

ಕಳೆದ ತಿಂಗಳು ಅತ್ತೆಯ ಮನೆಗೆ ಹೋಗಿದ್ದೆ. ಲ್ಯಾಂಪಿನ ಕೆಳಗೆ ಪತ್ರಿಕೆ, ಪತ್ರಿಕೆಯ ಮೇಲೆ ಕಪ್ಪು ಚಾರ್ಟು, ಅದರ ಮೇಲೆ ಮಸೂರ. ನನ್ನ ಹೆಜ್ಜೆ ಕೇಳಿ ತಲೆ ಎತ್ತಿ, ಎಂದಿನಂತೆ ನನ್ನ ಕಿವಿಯ ಆಚೆಗೆ ಬಹಳ ಹೊತ್ತು ನೋಡಿದರು. "ಮೀಸೆ ಬೆಳ್ಳಗಾಗಿದೆಯಲ್ಲೋ" ಅಂದರು. ಆಗಿ ಎರಡು ವರ್ಷವಾಯಿತು, ಮನೆಯಲ್ಲಿ ಯಾರೂ ಗಮನಿಸಿಲ್ಲ, ನಿಮಗೆ ಹೇಗೆ ಕಂಡಿತು ಅಂದೆ. "ನಿನ್ನ ಕರಿ ಮುಖದ ಮೇಲೆ ಕಪ್ಪು ಮೀಸೆ ಇದ್ದಾಗ ಮೀಸೆ ಎಲ್ಲಿ ಕಾಣ್ತಿತ್ತು ಮಾರಾಯ? ಬಾಳೆಎಲೆ ಮೇಲೆ ಅನ್ನ ಅಂತ ನೀನೇ ಹೇಳಿದ್ದಲ್ವಾ" ಅಂದು ಮತ್ತೆ ಪತ್ರಿಕೆಗೆ ಬಗ್ಗಿದರು. ಅವರದಿನ್ನೂ ಎರಡನೇ ನಿಧನ ವಾರ್ತೆ ನಡೆದಿತ್ತು.